ತಲುಪಿದ ದಿನದ ಅಳತೆ

ದುಂಗುನ್ ಊರಿನ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವ ರೋಸ್ನಾನಿಗೆ ಪಾಠದ ಜೊತೆ ಇನ್ನೊಂದು ಕೆಲಸವೂ ಅಂಟಿಕೊಂಡಿತ್ತು. ನಲವತ್ತೆರಡು ಜನ ಮೇಷ್ಟರು, ಟೀಚರುಗಳ ವೇಳಾಪಟ್ಟಿ ಹೊಂದಿಸುವುದು. ಒಬ್ಬರಿಗೆ ಬೆಳಗಿನ ಮೊದಲ ಪೀರಿಯಡ್ ಆಗದು, ಇನ್ನೊಬ್ಬರಿಗೆ ಊಟದ ನಂತರದ್ದು ಆಗದು. ಇವರೆಲ್ಲರ ಮುನಿಸನ್ನು ಒಂದೇ ಹಾಳೆಯೊಳಗೆ ತಣ್ಣಗೆ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಹಾಗಾಗಿ ವರ್ಷದ ಕೊನೆಯ ರಜೆಗೆ ಮಕ್ಕಳನ್ನು ಆರು ತಾಸು ದೂರದ ಜೊಹೊರ್‌ನ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುವುದೆಂದು ಮನೆಯಲ್ಲಿ ನಿಶ್ಚಯವಾದಾಗ, ಅವಳ ಗಂಡ ಹಜ್ಮಿ ಒಂದು ಹೊಸ ನೋಟ್‌ಬುಕ್ ತಂದು ಅವಳ ಮುಂದಿಟ್ಟ.

ನಾಲ್ಕು ತಿಂಗಳು ಅವಳು ಆ ಪ್ರವಾಸವನ್ನು ಕಟ್ಟಿದಳು. ಪಾರ್ಕಿನೊಳಗೆ ಆಡುವ ದಿನಗಳಿಗಿಂತಲೂ ಅವಳಿಗೆ ಹೆಚ್ಚು ತಲೆಬಿಸಿಯಾದದ್ದು ಅಲ್ಲಿಗೆ ಹೋಗಿ ತಲುಪುವ ಮೊದಲ ದಿನ. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವಳ ಶಾಲೆಯ ವಿಜ್ಞಾನದ ಟೀಚರೊಬ್ಬರು ಆರು ತಾಸು ಕಾರಿನಲ್ಲಿ ಕುಕ್ಕಿಸಿಕೊಂಡು ಹೋಗಿ, ಇಳಿದವರೇ ಮಕ್ಕಳನ್ನು ಸೀದಾ ಅದೇ ಪಾರ್ಕಿಗೆ ನುಗ್ಗಿಸಿದ್ದರು. ದೊಡ್ಡ ಮಗು ಮೊದಲ ಆಟದ ಬಾಯಲ್ಲೇ ವಾಂತಿ ಮಾಡಿತು. ಚಿಕ್ಕದನ್ನು ಎತ್ತರ ಸಾಲದೆಂದು ಸಾಲಿನ ತುದಿಯಿಂದ ವಾಪಸು ಕಳಿಸಿದರು. ಅದು ನೆಲಕ್ಕೆ ಬಿದ್ದು ಹೊರಳಾಡಿತಂತೆ. ಆ ಕಥೆ ಕೇಳಿದ ದಿನವೇ ರೋಸ್ನಾನಿ ಮನಸ್ಸಿನಲ್ಲಿ ಗೆರೆ ಎಳೆದುಕೊಂಡಿದ್ದಳು: ತಲುಪಿದ ದಿನ ಪಾರ್ಕಿನೊಳಗೆ ಕಾಲಿಡುವುದಿಲ್ಲ. ಬೆಳಗಿನ ನಮಾಜು ಮುಗಿಸಿ ಹೊರಡುವುದು, ದಾರಿಯ ಮಧ್ಯೆ ಮೆರ್ಸಿಂಗ್‌ನಲ್ಲಿ ಊಟ, ಮೂರಕ್ಕೆ ಹೋಟೆಲು, ಒಂದು ತಾಸು ಎಲ್ಲರಿಗೂ ಕಡ್ಡಾಯ ನಿದ್ದೆ. ಸಂಜೆ ಪಾರ್ಕಿನ ಹೆಬ್ಬಾಗಿಲ ಹತ್ತಿರದ ಕೌಂಟರಿನಲ್ಲಿ ಮಕ್ಕಳ ಎತ್ತರ ಅಳೆಸಿ ಕೈಗೆ ಪಟ್ಟಿ ಕಟ್ಟಿಸುವುದು. ನೂರಹತ್ತು ಸೆಂಟಿಮೀಟರ್ ದಾಟಿದವರಿಗೆ ಹಸಿರು ಪಟ್ಟಿ, ದಾಟದವರಿಗೆ ಹಳದಿ. ಹಸಿರು ಇದ್ದರೆ ಮಲೆಯ ನೆತ್ತಿಯಿಂದ ಜಾರುವ ಡ್ರ್ಯಾಗನ್ ಗಾಡಿಗೆ ಹತ್ತಬಹುದು. ಅಳುವುದೇನಿದ್ದರೂ ಮೊದಲ ದಿನ ಸಂಜೆಯೇ ಅತ್ತು ಮುಗಿಯಲಿ, ಮರುದಿನ ಸಾಲಿನಲ್ಲಿ ನಿಂತು ಅಳುವುದು ಬೇಡ ಎಂಬುದು ಅವಳ ಲೆಕ್ಕ.

ಅಳುವುದು ಚಿಕ್ಕ ಮಗಳು ದಾನಿಯಾ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವಳಿಗಿನ್ನೂ ಆರು ತುಂಬಿರಲಿಲ್ಲ. ನಿಂತಲ್ಲಿ ನಿಲ್ಲದ ಹುಡುಗಿ, ಹೇಳಿದ್ದನ್ನು ಕೇಳದ ಹುಡುಗಿ. ಅವಳಿಗೆ ಹಳದಿ ಪಟ್ಟಿ ಬಂದರೆ ಏನು ಮಾಡಬೇಕೆಂದು ರೋಸ್ನಾನಿ ಎರಡು ಪುಟ ಬರೆದಿದ್ದಳು. ಐಸ್‌ಕ್ರೀಮು, ಕುದುರೆಯ ಚಕ್ರ, ಅಜ್ಜಿಯ ತೊಡೆ.

ಅಣ್ಣ ವಫಿಯ ಹೆಸರಿನ ಕೆಳಗೆ ಏನೂ ಬರೆದಿರಲಿಲ್ಲ. ಅವನಿಗೆ ಏಳು ವರ್ಷ ದಾಟಿ ನಾಲ್ಕು ತಿಂಗಳು. ಬಾಲವಾಡಿಗೆ ಸೇರಿಸುವಾಗ, ಐದೂವರೆ ವರ್ಷಕ್ಕೆ, ನರ್ಸಮ್ಮ ಅಳೆದು ನೂರೆಂಟು ಎಂದು ಬರೆದುಕೊಟ್ಟಿದ್ದರು. ಮಕ್ಕಳು ವರ್ಷಕ್ಕೆ ಆರು ಸೆಂಟಿಮೀಟರ್ ಬೆಳೆಯುತ್ತಾರೆ. ಹಾಗಾದರೆ ಈಗ ನೂರಹತ್ತೊಂಬತ್ತು. ಕೂಡಿಸಿ ಬರೆದು ಮುಂದಿನ ಪುಟಕ್ಕೆ ಹೋಗಿದ್ದಳು. ಅಳೆದು ನೋಡಬೇಕೆಂದು ಅವಳಿಗೆ ಅನಿಸಿಯೇ ಇರಲಿಲ್ಲ.

ವಫಿಯ ವಿಷಯದಲ್ಲಿ ಯಾರಿಗೂ ಏನೂ ಅನಿಸುತ್ತಿರಲಿಲ್ಲ. ಹಸುವಿನಂಥ ಹುಡುಗ. ಕೂರಿಸಿದಲ್ಲಿ ಕೂರುತ್ತಿದ್ದ, ಮಲಗು ಎಂದರೆ ಮಲಗುತ್ತಿದ್ದ. ಗುಂಡು ಕೆನ್ನೆ, ನಿಧಾನದ ಮಾತು. ಜೊತೆಯಲ್ಲೇ ಇದ್ದ ಹಜ್ಮಿಯ ತಾಯಿಗಂತೂ, ಮಕ್ಕಳು ತೋಕ್ ಎಂದು ಕರೆಯುವ ಆ ಅಜ್ಜಿಗೆ, ಮೊಮ್ಮಗನನ್ನು ಹೊಗಳಿದಷ್ಟೂ ಸಾಲದು. ಬಂದವರ ಮುಂದೆಲ್ಲ, ಇವನು ತೀರಿಹೋದ ಅಜ್ಜನ ಪಡಿಯಚ್ಚು, ಜೋರು ದನಿ ಎಂಬುದೇ ಗೊತ್ತಿಲ್ಲ ಎನ್ನುತ್ತಿದ್ದರು. ದಾನಿಯಾ ರಂಪ ಮಾಡಿದಾಗ ರೋಸ್ನಾನಿಯ ಬಾಯಲ್ಲಿ ಬರುತ್ತಿದ್ದುದೂ ಒಂದೇ ಮಾತು: ನಿನ್ನ ಅಣ್ಣನ್ನ ನೋಡಿ ಕಲಿ.

ಡಿಸೆಂಬರಿನ ಎರಡನೆಯ ಶನಿವಾರ ಹೊರಟರು. ಆ ಕರಾವಳಿಗೆ ಅದು ಮಳೆಗಾಲ, ಆದರೂ ಆ ದಿನದ ಮಟ್ಟಿಗೆ ಮಳೆ ದಾರಿ ಬಿಟ್ಟಿತ್ತು. ಎಲೆಯಲ್ಲಿ ಕಟ್ಟಿದ ಮೀನಿನ ಅನ್ನ, ಅಜ್ಜಿಯ ಮುಲಾಮಿನ ವಾಸನೆ, ದಾನಿಯಾಳ ಎಡೆಬಿಡದ ಪ್ರಶ್ನೆ, ಇವುಗಳ ನಡುವೆ ವಫಿ ಕಿಟಕಿಗೆ ಒರಗಿ ಲುಂಗಿಯಂಥ ಸರೋಂಗ್ ಹೊದ್ದು ನಿದ್ದೆ ಹೋದ. ಊಟಕ್ಕೆ ಎಬ್ಬಿಸಿದರು. ನಾಲ್ಕು ತುತ್ತು ತಿಂದು ಮತ್ತೆ ಮಲಗಿದ. ರೋಸ್ನಾನಿ ಹಿಂತಿರುಗಿ ನೋಡಿ, ಇಂಥ ಇಬ್ಬರಿದ್ದಿದ್ದರೆ ಎಷ್ಟು ಸುಖವಾಗಿರುತ್ತಿತ್ತು ಎಂದುಕೊಂಡಳು. ಈ ಯೋಚನೆ ಆಮೇಲೆ ಎಷ್ಟೋ ದಿನ ಅವಳನ್ನು ಚುಚ್ಚಿತು.

ನೋಟ್‌ಬುಕ್ಕಿನಲ್ಲಿ ಬರೆದಂತೆಯೇ ಎಲ್ಲ ನಡೆಯಿತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಕೋಣೆಯ ಕೀಲಿ ಕೈಗೆ ಸಿಕ್ಕಿತು. ದಾನಿಯಾ ಕೂಡ ಮುಕ್ಕಾಲು ತಾಸು ಕಣ್ಣು ಮುಚ್ಚಿದಳು. ನಾಲ್ಕೂವರೆಗೆ ಐವರೂ ಹೆಬ್ಬಾಗಿಲ ಬಳಿಯ ಕೌಂಟರಿನ ಮುಂದೆ ನಿಂತಿದ್ದರು. ಒಳಗಿನಿಂದ ಡ್ರ್ಯಾಗನ್ ಗಾಡಿ ಇಳಿಯುವ ಸದ್ದೂ ಅದರ ಹಿಂದೆಯೇ ಮಕ್ಕಳ ಚೀರಾಟವೂ ಕೇಳಿಬರುತ್ತಿದ್ದವು.

ಅಳೆಯುವ ಹುಡುಗಿ ನಗುಮುಖದವಳು. ಮೊದಲು ದಾನಿಯಾಳನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿದಳು. ರೋಸ್ನಾನಿ ಅಳುವಿಗೆ ಸಿದ್ಧಳಾಗಿ ಕೈಚೀಲದಲ್ಲಿ ಚಾಕಲೇಟು ಹುಡುಕುತ್ತಿದ್ದಾಗ, ನೂರಹನ್ನೊಂದು ಎಂದು ಹುಡುಗಿ ಹೇಳಿದಳು. ದಾನಿಯಾ ಹಸಿರು ಪಟ್ಟಿಯ ಕೈಯನ್ನು ಮೇಲೆತ್ತಿ ಗಿರಗಿರನೆ ತಿರುಗಿದಳು.

ಆಮೇಲೆ ವಫಿ ನಿಂತ. ಅಳತೆಯ ಹಲಗೆ ಅವನ ತಲೆಯ ಮೇಲೆ ಇಳಿಯಿತು. ಹುಡುಗಿ ಬಗ್ಗಿ ನೋಡಿದಳು, ಅವನ ಗಲ್ಲ ಹಿಡಿದು ನೆಟ್ಟಗೆ ಮಾಡಿ ಇನ್ನೊಮ್ಮೆ ನೋಡಿದಳು.

"ನೂರೊಂಬತ್ತೂವರೆ ಅಕ್ಕ. ಇವನಿಗೆ ಹಳದಿ."

ರೋಸ್ನಾನಿಗೆ ನಗು ಬಂತು. ಹಲಗೆ ಎಲ್ಲೋ ಸಿಕ್ಕಿಕೊಂಡಿದೆ, ಇನ್ನೊಮ್ಮೆ ಅಳೆಯಿರಿ ಎಂದಳು. ಹುಡುಗಿ ಅಳೆದಳು. ಅದೇ ಬಂತು. ಪಕ್ಕದ ಕಂಬಕ್ಕೆ ಕರೆದುಕೊಂಡು ಹೋಗಿ ಅಳೆದಳು. ಅದೇ. ಆಗ ರೋಸ್ನಾನಿ ತರಗತಿಯಲ್ಲಿ ಮಾತಾಡುವ ದನಿಯಲ್ಲಿ, ಇವನು ಇವಳ ಅಣ್ಣ, ಏಳು ವರ್ಷ ದಾಟಿದೆ, ನಿಮ್ಮ ಕಂಬಗಳೇ ಸರಿಯಿಲ್ಲ ಎಂದು ಹೇಳತೊಡಗಿದಳು. ಹುಡುಗಿ ದಾನಿಯಾಳನ್ನು ಕರೆದು ಅಣ್ಣನ ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿದಳು, ಅಷ್ಟೆ.

ತಂಗಿಯ ನೆತ್ತಿ ಅಣ್ಣನ ನೆತ್ತಿಗಿಂತ ಒಂದು ಬೆರಳು ಮೇಲಿತ್ತು.

ದಿನಾ ಸ್ನಾನ ಮಾಡಿಸಿ ತಲೆ ಒರೆಸುವ ಮಕ್ಕಳು. ಎರಡೂ ತಲೆ ಅವಳ ಕೈಗೆ ಗೊತ್ತು. ಆದರೂ ಇದನ್ನು ಅವಳು ನೋಡಿರಲಿಲ್ಲ. ಊರವರು ಅವಳಿಜವಳಿ ಇದ್ದ ಹಾಗಿದ್ದಾರೆ ಎಂದಾಗಲೆಲ್ಲ ನಕ್ಕಿದ್ದಳು.

ಹಜ್ಮಿ ಫೋನು ತೆಗೆದು ಬಾಲವಾಡಿಯ ಚೀಟಿಯ ಫೋಟೊ ಹುಡುಕಿದ. ನರ್ಸಮ್ಮನ ದುಂಡಗಿನ ಅಕ್ಷರ: ನೂರೆಂಟು. ಅವನು ಫೋನನ್ನು ಹೆಂಡತಿಯ ಕೈಗೆ ಕೊಟ್ಟ. ಎರಡು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಒಂದೂವರೆ ಸೆಂಟಿಮೀಟರ್.

"ನಮ್ಮ ಕುಲದಲ್ಲಿ ಗಂಡುಮಕ್ಕಳು ತಡವಾಗಿ ಬೆಳೀತಾವೆ," ಎಂದರು ಅಜ್ಜಿ. "ನಿನ್ನ ಗಂಡನೂ ಹೀಗೇ ಮೊಳದುದ್ದ ಇದ್ದ. ಜನರ ಮುಂದೆ ಯಾಕೆ ಮುಖ ಸಣ್ಣ ಮಾಡ್ಕೊಂಡು ನಿಂತಿದೀಯ, ನಡಿ."

ರೋಸ್ನಾನಿ ಮಗನ ಮುಂದೆ ಮಂಡಿಯೂರಿ ಕೂತಳು. ಈ ಹುಡುಗನಿಗೆ ನಾಲ್ಕು ತಿಂಗಳಿಂದ ಡ್ರ್ಯಾಗನ್ ಗಾಡಿಯ ಕನಸು ತುಂಬಿಸಿದ್ದವಳು ಅವಳೇ. ಅವನ ಹೆಸರಿನ ಕೆಳಗೆ ಸಮಾಧಾನದ ಒಂದು ಸಾಲೂ ಇಲ್ಲದ್ದು ನೆನಪಾಯಿತು. ನಾಳೆ ಡ್ರ್ಯಾಗನ್ ಗಾಡಿಗೆ ಹತ್ತಲು ನಿನ್ನನ್ನು ಬಿಡುವುದಿಲ್ಲವಂತೆ ಎಂದು ಹೇಗೋ ಹೇಳಿದಳು. ಅವನು ಅಳುತ್ತಾನೆ, ಅಪ್ಪಿಕೊಳ್ಳಬೇಕು ಎಂದು ತೋಳು ಚಾಚಿದಳು.

ವಫಿ ಅಳಲಿಲ್ಲ. ಹಳದಿ ಪಟ್ಟಿಯನ್ನು ಒಮ್ಮೆ ನೋಡಿಕೊಂಡ.

"ಪರವಾಗಿಲ್ಲ ಮಾ," ಎಂದ. "ನಾನು ಕೂತ್ಕೊಂಡಿರ್ತೀನಿ."

ಅಳತೆಯ ಕಂಬಕ್ಕಿಂತ ಆ ಮಾತೇ ಅವಳನ್ನು ಹೆಚ್ಚು ಬೆಚ್ಚಿಬೀಳಿಸಿತು. ಏಳು ವರ್ಷದ ಮಗು. ಗೋಡೆಯ ಆಚೆ ಆ ಗಾಡಿ ಗುಡುಗುತ್ತಿದೆ. ಅವನ ಮುಖದಲ್ಲಿ ದುಃಖವಿರಲಿಲ್ಲ. ಇದ್ದದ್ದು ನಿರಾಳ. ಇನ್ನು ನನ್ನನ್ನು ಯಾರೂ ಎಬ್ಬಿಸುವುದಿಲ್ಲ ಎಂಬ ಮುದುಕನ ನಿರಾಳ.

ನೋಟ್‌ಬುಕ್ಕಿನ ಪ್ರಕಾರ ಮುಂದಿನದು ಹೋಟೆಲಿನ ಈಜುಕೊಳ. ಯಾರಿಗೂ ಬೇರೆ ಏನು ಮಾಡಬೇಕೆಂದು ತೋಚದೆ ಹೋದರು. ದಾನಿಯಾ ಬಟ್ಟೆ ಬದಲಿಸುವುದಕ್ಕೂ ಕಾಯದೆ ನೀರಿಗೆ ಬಿದ್ದಳು. ವಫಿ ಮೆಟ್ಟಿಲ ಮೇಲೆ ಕೂತು ಪಾದ ಮಾತ್ರ ಇಳಿಬಿಟ್ಟ, ಐದು ನಿಮಿಷಕ್ಕೆ ಎದ್ದು ಬಂದು ಟವೆಲು ಸುತ್ತಿಕೊಂಡ. ಜೊಹೊರ್‌ನ ಸಂಜೆ, ಮೈಯೆಲ್ಲ ಅಂಟಂಟು ಸೆಕೆ. ರೋಸ್ನಾನಿ ಅವನ ಕೈ ಹಿಡಿದಳು. ಆಗಷ್ಟೇ ಕೊಯ್ದ ಬಾಳೆದಿಂಡಿನಂತೆ ತಣ್ಣಗಿತ್ತು. ಚಳಿಯಾಗ್ತಿದೆಯಾ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಮನೆಯಲ್ಲಿ ಫ್ಯಾನು ಹಾಕಿದರೆ ಇವನು ಹೊದ್ದುಕೊಳ್ಳುವುದನ್ನು ಅವಳು ಎಷ್ಟು ಸಲ ತಮಾಷೆ ಮಾಡಿದ್ದಳೋ.

ಒಮ್ಮೆ ನೋಡಲು ಶುರುಮಾಡಿದ ಮೇಲೆ ಅವಳಿಗೆ ಬೇರೇನೂ ಕಾಣದಾಯಿತು. ಸುತ್ತ ಅವನದೇ ವಯಸ್ಸಿನ ಹತ್ತಾರು ಮಕ್ಕಳು ಓಡುತ್ತಿದ್ದರು, ಜಾರುತ್ತಿದ್ದರು, ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಅವಳ ಮಗ ಕುರ್ಚಿಯಲ್ಲಿ ಕೂತು ಅವರನ್ನು ನೋಡುತ್ತಿದ್ದ, ಬಸ್ಸಿಗೆ ಕಾಯುವವರು ದಾರಿಹೋಕರನ್ನು ನೋಡುವ ಹಾಗೆ. ಕಳೆದ ಈದ್‌ಗೆ ಹೊಲಿಸಿದ ಅಂಗಿ ಈ ಈದ್‌ಗೂ ಸರಿಯಾದದ್ದು ನೆನಪಾಯಿತು. ಎಷ್ಟು ಜೋಪಾನದ ಹುಡುಗ, ಬಟ್ಟೆ ಹೊಸದರಂತೆ ಇಟ್ಟುಕೊಂಡಿದ್ದಾನೆ ಎಂದು ಅವಳೇ ಮೆಚ್ಚಿಕೊಂಡಿದ್ದಳು. ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆಯಾದ ದಿನ ಅವನು ಸುಸ್ತೆಂದು ಮನೆಯಲ್ಲಿ ಮಲಗಿದ್ದ. ಒಂದು ದಿನ ತಾನೇ ಎಂದು ಬಿಟ್ಟಿದ್ದಳು.

ಊಟದ ಮೇಜಿನಲ್ಲಿ ಅವಳು ಬೆಳಗ್ಗೆಯೇ ವಾಪಸು ಹೊರಡೋಣ, ಆಸ್ಪತ್ರೆಗೆ ತೋರಿಸೋಣ ಎಂದಳು. ಅಜ್ಜಿ ಸಿಡುಕಿದರು. ಚೆನ್ನಾಗಿರುವ ಮಗುವಿಗೆ ಇಲ್ಲದ ರೋಗ ಅಂಟಿಸಬೇಡ, ಅಳದಿದ್ದದ್ದೂ ಒಂದು ಕಾಯಿಲೆಯಾ ಎಂದು ಕೇಳಿದರು. ಹಜ್ಮಿ ಬಹಳ ಹೊತ್ತು ತಟ್ಟೆಯ ಮೀನಿನ ಮುಳ್ಳು ಬಿಡಿಸುತ್ತಿದ್ದ. ಅವನು ಗ್ಯಾಸ್ ಟರ್ಮಿನಲ್ಲಿನಲ್ಲಿ ಮೀಟರು ನೋಡುವ ಕೆಲಸದವನು, ಮಾತು ಕಡಿಮೆ.

"ನಾನು ಗಿಡ್ಡ ಇದ್ದೆ, ನಿಜ ಮಕ್," ಎಂದ ಕೊನೆಗೆ ತಾಯಿಗೆ. "ಆದ್ರೆ ನಿಂತು ಹೋಗಿರ್ಲಿಲ್ಲ. ಮೀಟರಿನ ಮುಳ್ಳು ಎರಡು ವರ್ಷ ಒಂದೇ ಕಡೆ ನಿಂತಿದ್ರೆ ಅದನ್ನ ಚೆನ್ನಾಗಿದೆ ಅನ್ನಲ್ಲ."

ರೋಸ್ನಾನಿ ಗಂಡನ ಕಡೆ ತಿರುಗಿ, "ಅಬಂಗ್, ನಾನು ದಿನಾ ಇವನ ಜೊತೆ ಇರೋಳು. ನಾನು ಏನು ನೋಡ್ತಿದ್ದೆ?" ಎಂದಳು.

ಹಜ್ಮಿ ಮುಳ್ಳು ಬಿಡಿಸಿದ ಮೀನನ್ನು ವಫಿಯ ತಟ್ಟೆಗೆ ಹಾಕಿದ. ದಾನಿಯಾಳಿಗೆ ಕೊಟ್ಟ ಮಾತಿದೆ, ಒಂದು ದಿನ ಆಡಲಿ, ನಾಡಿದ್ದು ಬೆಳಗ್ಗೆ ಹೊರಡೋಣ ಎಂದ. ಹಾಗೇ ಆಯಿತು. ಮರುದಿನ ದಾನಿಯಾ ಅಪ್ಪನ ಜೊತೆ ಡ್ರ್ಯಾಗನ್ ಗಾಡಿಯಲ್ಲಿ ಐದು ಸಲ ಹೋಗಿ ಬಂದಳು. ರೋಸ್ನಾನಿ ನೆರಳಿನ ಬೆಂಚಿನಲ್ಲಿ ಮಗನ ಪಕ್ಕ ಕೂತಿದ್ದಳು. ಹನ್ನೊಂದು ಗಂಟೆಗೆ, ಅಷ್ಟು ಗದ್ದಲದ ನಡುವೆ, ವಫಿ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿಬಿಟ್ಟ. ಅವಳು ಅಲುಗಾಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಯಾರೋ ಒಬ್ಬ ತಾಯಿ ತನ್ನ ಮಗನ ಹಿಂದೆ ಓಡಿ ಸೋತು ಬಂದು, ನಿಮ್ಮ ಮಗ ಎಷ್ಟು ಒಳ್ಳೆಯವನು ಎಂದಳು.

ದುಂಗುನ್‌ನ ಸರಕಾರಿ ಕ್ಲಿನಿಕ್ಕಿನಲ್ಲಿ ಡಾಕ್ಟರ್ ತಿಲಗವತಿ ಎಂಬ ಚಿಕ್ಕ ವಯಸ್ಸಿನ ಹೆಂಗಸು ವಫಿಯನ್ನು ಅಳೆದು ತೂಗಿದರು. ಅವನ ಹುಟ್ಟಿನಿಂದ ಇದ್ದ ಆರೋಗ್ಯದ ಪುಸ್ತಕ ತೆರೆದು, ಇದ್ದ ಚುಕ್ಕಿಗಳನ್ನೆಲ್ಲ ಸೇರಿಸಿ ಪೆನ್ಸಿಲಿನಿಂದ ಗೆರೆ ಎಳೆದರು. ಐದೂವರೆ ವರ್ಷದವರೆಗೆ ಗೆರೆ ದಿಬ್ಬ ಹತ್ತುವ ದಾರಿಯಂತೆ ಏರಿತ್ತು. ಅಲ್ಲಿಂದ ಮುಂದೆ ಸಮುದ್ರದಂಚಿನಂತೆ ಚಪ್ಪಟೆ. ಭೂಗೋಳದ ಟೀಚರಿಗೆ ನಕ್ಷೆ ಓದುವುದನ್ನು ಹೇಳಿಕೊಡಬೇಕಾಗಿರಲಿಲ್ಲ.

ಡಾಕ್ಟರು ಪ್ರಶ್ನೆ ಕೇಳತೊಡಗಿದರು. ಬೇರೆ ಮಕ್ಕಳಿಗಿಂತ ಹೆಚ್ಚು ಚಳಿ ಅಂತಾನಾ? ಹೌದು. ಕಕ್ಕಸಿಗೆ ದಿನಾ ಹೋಗ್ತಾನಾ? ಮೂರು ದಿನಕ್ಕೊಮ್ಮೆ; ಪಪ್ಪಾಯಿ ತಿನ್ನಿಸುತ್ತಿದ್ದೆ. ನಿದ್ದೆ ಜಾಸ್ತಿನಾ? ಹೌದು. ಬರೆಯೋದು ನಿಧಾನನಾ? ಹೌದು, ಅಚ್ಚುಕಟ್ಟು ಅಂದುಕೊಂಡಿದ್ದೆ. ಚರ್ಮ ಒಣಗಿರುತ್ತಾ? ಹೌದು. ಒಂದೊಂದು ಹೌದಿಗೂ ಅವಳಿಗೆ ಕೆನ್ನೆಗೆ ಹೊಡೆಸಿಕೊಂಡಂತಾಗುತ್ತಿತ್ತು. ಪ್ರತಿಯೊಂದಕ್ಕೂ ಅವಳ ಹತ್ತಿರ ಒಂದು ಒಳ್ಳೆಯ ಕಾರಣವಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ಅವಳು ಯಾವತ್ತೂ ನೋಡಿರಲಿಲ್ಲ.

ರಕ್ತ ತೆಗೆದರು. ವಾರದ ನಂತರ ಕ್ವಾಲಾ ತೆರೆಂಗಾನುವಿನ ದೊಡ್ಡ ಆಸ್ಪತ್ರೆಗೆ ಕರೆಸಿಕೊಂಡರು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಬಹುತೇಕ ಕೆಲಸ ನಿಲ್ಲಿಸಿದೆ ಎಂದು ಅಲ್ಲಿನ ಡಾಕ್ಟರು ತಿಳಿಸಿಹೇಳಿದರು. ಹುಟ್ಟುವಾಗ ಸರಿಯಿತ್ತು, ಆಮೇಲೆ ಮೈಯೇ ಅದರ ಮೇಲೆ ತಿರುಗಿಬಿದ್ದಿದೆ. ಯಾರ ತಪ್ಪೂ ಅಲ್ಲ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಚಿಕ್ಕ ಮಾತ್ರೆ, ಬದುಕಿರುವವರೆಗೆ. ನಿಂತುಹೋದ ಬೆಳವಣಿಗೆಯಲ್ಲಿ ಹೆಚ್ಚಿನ ಪಾಲು ವಾಪಸು ಬರುತ್ತದೆ. ಇನ್ನೂ ಎರಡು ವರ್ಷ ಬಿಟ್ಟು ತಂದಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದರು.

ರೋಸ್ನಾನಿ ತಲೆತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ ಒಂದೇ ಒಂದು ಮಾತು ಕೇಳಿದಳು. "ಡಾಕ್ಟರೇ, ಇವನ ಈ ಸ್ವಭಾವ? ಈ ಸಾಧುತನ?"

ಡಾಕ್ಟರು ವಫಿಯ ಕಡೆ ನೋಡಿದರು. "ಅದರಲ್ಲಿ ಎಷ್ಟು ಅವನದು, ಎಷ್ಟು ಕಾಯಿಲೆದು ಅಂತ ಮಾತ್ರೆ ಶುರುವಾದ ಮೇಲೆ ಗೊತ್ತಾಗುತ್ತೆ."

ಮಾತ್ರೆ ಶುರುವಾಯಿತು. ಅಜ್ಜಿ ಮೊದಲ ವಾರ ಮುಖ ತಿರುಗಿಸಿಕೊಂಡಿದ್ದರು. ಎರಡನೆಯ ವಾರ, ಬೆಳಗಿನ ನಮಾಜಿಗೆ ಎದ್ದವರು ಮೊಮ್ಮಗನನ್ನು ಎಬ್ಬಿಸಿ ಮಾತ್ರೆ ನುಂಗಿಸುವ ಕೆಲಸವನ್ನು ಯಾರೂ ಹೇಳದೆ ತಾವೇ ವಹಿಸಿಕೊಂಡರು. ತಿಂಗಳೊಳಗೆ ಅವನ ಕೆನ್ನೆಯ ಊತ ಇಳಿಯಿತು. ಎರಡು ತಿಂಗಳಿಗೆ ಸರೋಂಗ್ ಒದ್ದು ಮಲಗತೊಡಗಿದ. ಮೂರನೆಯ ತಿಂಗಳು ಊಟದ ಹೊತ್ತಿನಲ್ಲಿ ದಾನಿಯಾಳ ತಟ್ಟೆಯ ಮೊಟ್ಟೆಗೆ ಕೈ ಹಾಕಿದ. ಅವಳು ಚೀರಿದಳು, ಇವನೂ ಚೀರಿದ. ಇಡೀ ಮನೆ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಅವನನ್ನೇ ನೋಡಿತು. ಆ ದನಿ ಅವರಿಗೆ ಗುರುತಿರಲಿಲ್ಲ. ನನ್ನ ಹಳೆಯ ವಫಿ ಎಲ್ಲಿ ಹೋದ ಎಂದು ಅಜ್ಜಿ ಒಳಗೆ ಹೋಗಿ ಕಣ್ಣೊರೆಸಿಕೊಂಡರು.

ಐದನೆಯ ತಿಂಗಳು ಅವನ ಶಾಲೆಯಿಂದ ರೋಸ್ನಾನಿಗೆ ಕರೆ ಬಂತು. ವಫಿ ಒಬ್ಬ ಹುಡುಗನ ಶೂ ಕಸಿದು ಶೆಡ್ಡಿನ ತಾರಸಿಗೆ ಎಸೆದು, ಅದನ್ನು ತರಲು ತಾನೇ ನೀರಿನ ಪೈಪು ಹಿಡಿದು ಹತ್ತಿದ್ದನಂತೆ. ಕ್ಲಾಸ್ ಟೀಚರು ಸುಮಾರು ಹೊತ್ತು ದೂರಿದರು. ಇಂಥ ಮಗು ಅಲ್ಲ ಇವನು, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು. ರೋಸ್ನಾನಿ ಕ್ಷಮೆ ಕೇಳಿ, ಮಂಡಿ ತರಚಿದ ಮಗನನ್ನು ಕರೆದುಕೊಂಡು ಬಂದು ಕಾರಿನಲ್ಲಿ ಕೂರಿಸಿದಳು.

ಬೈಯಬೇಕೆಂದೇ ಇದ್ದಳು. ಆದರೆ ಬಾಯಿಂದ ಬಂದದ್ದು ಬೇರೆ. ಇಷ್ಟು ವರ್ಷ ಮೈ ಭಾರವಾಗಿದೆ, ಚಳಿಯಾಗುತ್ತಿದೆ ಎಂದು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

ವಫಿ ಮಂಡಿಯ ರಕ್ತಕ್ಕೆ ಉಗುಳು ಹಚ್ಚಿದ.

"ಎಲ್ರಿಗೂ ಹಾಗೇ ಇರುತ್ತೆ ಅಂದ್ಕೊಂಡಿದ್ದೆ," ಎಂದ. "ಮೆಟ್ಟಿಲು ಹತ್ತುವಾಗ ಕಾಲು ಎತ್ತೋಕೇ ಆಗ್ತಿರ್ಲಿಲ್ಲ. ಆದ್ರೂ ಅವರೆಲ್ಲ ಓಡ್ತಿದ್ರಲ್ಲ. ಅವರಿಗೆ ನನಗಿಂತ ಜಾಸ್ತಿ ಧೈರ್ಯ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಅವನು ಕಿಟಕಿಯ ಗಾಜು ಇಳಿಸಿ ತಲೆ ಹೊರಹಾಕಿ, ಗೇಟಿನ ಹತ್ತಿರ ಹೋಗುತ್ತಿದ್ದ ಯಾರೋ ಗೆಳೆಯನನ್ನು ಕೂಗಿ ಕರೆಯತೊಡಗಿದ. ರೋಸ್ನಾನಿ ಕೀಲಿ ತಿರುಗಿಸಲು ಕೈ ಚಾಚಿದಳು. ತಿರುಗಿಸದೆ ಕೈ ಹಿಂದಕ್ಕೆ ತೆಗೆದುಕೊಂಡಳು. ಬಿಸಿಲಿಗೆ ಕಾದ ಕಾರಿನಲ್ಲಿ ಅವಳು ಹಾಗೇ ಕೂತಿದ್ದಳು, ಅವನು ಕೂಗಿ ಮುಗಿಸುವವರೆಗೆ.